ಕುಲಪತಿಗಳೂ ಹಸಿರು ಪೊಟ್ಟಣವೂ

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ, ಲೈ ಮೇಷ್ಟ್ರು ಬೆಳಗಿನ ತಿಂಡಿ ಬಿಟ್ಟದ್ದು. ಹೆಂಡತಿ ಮೇಯ್-ಯುವಾನ್ ಮೊಟ್ಟೆ ರೊಟ್ಟಿ ಸುತ್ತಿ, ಸೋಯಾ ಹಾಲು ಬಿಸಿ ಮಾಡಿ ಮುಂದಿಟ್ಟರೆ, ಅವರು ಅದನ್ನು ಕೆಟ್ಟುಹೋದ ಮೀಟರು ನೋಡುವ ಹಾಗೆ ನೋಡುತ್ತ ಕೂತರು.

"ತಿನ್ನಿ, ಆರೋಗುತ್ತೆ."

"ಗಂಟಲಲ್ಲಿ ಇಳಿಯಲ್ಲ ಕಣೆ. ಇವತ್ತು ಮಂಡಳಿಯೋರು ಮತ ಹಾಕ್ತಾರೆ."

"ಸೋಲ್ತೀರಿ ಅಂತ ಭಯಾನಾ?"

"ಗೆಲ್ತೀನಿ ಅಂತ."

ಮೇಯ್-ಯುವಾನ್ ನಗಲಿಲ್ಲ. ಗಂಡ ತಮಾಷೆ ಮಾಡುತ್ತಿಲ್ಲ ಅಂತ ಆಕೆಗೆ ಗೊತ್ತಿತ್ತು. ರೊಟ್ಟಿಯನ್ನು ತಾನೇ ತಿಂದು ಮುಗಿಸಿದಳು.

ಲೈ ಮಾವ್-ಸುಂಗ್ ಹುಟ್ಟಾ ಕರೆಂಟಿನ ಮನುಷ್ಯ. ತಮ್ಮ ದ್ವೀಪದಲ್ಲಿ ಗಾಳಿಗೆ ಹೆಸರಾದ ಶಿಂಚು ಊರಿನಲ್ಲಿ, ಅಪ್ಪನ ಮೋಟಾರು ಸುತ್ತುವ ಅಂಗಡಿಯ ತಾಮ್ರದ ತಂತಿಗಳ ನಡುವೆ ಅಂಬೆಗಾಲಿಟ್ಟವರು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ವಿದ್ಯುತ್ ಕಂಪನಿಯಲ್ಲಿ ಕೆಲವು ವರ್ಷ ದುಡಿದು, ತಾನು ಓದಿದ ವಿಶ್ವವಿದ್ಯಾಲಯಕ್ಕೇ ಮೇಷ್ಟ್ರಾಗಿ ಬಂದರು. ಬಂದವರು ಹೈವೋಲ್ಟೇಜ್ ಲ್ಯಾಬಿನಲ್ಲಿ ಕೃತಕ ಸಿಡಿಲು ಹೊಡೆಸುವ ಒಂದು ಯಂತ್ರ ಕಟ್ಟಿದರು. ಎರಡಾಳೆತ್ತರದ ಆ ಕಂಬದ ತುದಿಯಿಂದ ನೀಲಿ ಬೆಳಕು ಫಟೀರೆಂದು ಹಾರಿದಾಗ ಅವರ ಮುಖದಲ್ಲಿ ಮೂಡುತ್ತಿದ್ದ ಕಳೆ, ಸ್ವಂತ ಮದುವೆಯ ಫೋಟೋದಲ್ಲೂ ಇಲ್ಲ. ಇದು ಮೇಯ್-ಯುವಾನ್ ಹೇಳುವ ಮಾತು.

ಅಲ್ಲಿಗೇ ನಿಂತಿದ್ದರೆ ಸುಖವಾಗಿರುತ್ತಿದ್ದರು. ಆದರೆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಯಿತು. "ನನ್ನ ಕೈಲಾಗೋದಿಲ್ಲ" ಅಂದರು ಲೈ ಮೇಷ್ಟ್ರು. ಕುರ್ಚಿ ಕೊಟ್ಟರು. ಆಮೇಲೆ ಡೀನ್ ಪದವಿ ಬಂತು. "ನನಗೆ ಯೋಗ್ಯತೆ ಇಲ್ಲ" ಅಂದರು. ಅದನ್ನೂ ಕೊಟ್ಟರು.

ವಿಷಯ ಏನಪ್ಪಾ ಅಂದರೆ, ಪದವಿ ಕೊಡುತ್ತೇವೆ ಅಂದಾಗ ಮರ್ಯಾದಸ್ಥ ಯಾರೂ ಒಂದೇ ಮಾತಿಗೆ ಹೂಂ ಅನ್ನುವುದಿಲ್ಲ. ಹೂಂ ಅಂದರೆ ಆಸೆಬುರುಕ ಅಂತ ಲೆಕ್ಕ. ಒಂದು ಸಲ ಬೇಡ ಅಂದವನು ಸಂಭಾವಿತ. ಮೂರು ಸಲ ಅಂದವನು ದೊಡ್ಡ ಮನುಷ್ಯ. ಇದರಿಂದ ಎಲ್ಲರಿಗೂ ಅನುಕೂಲವೇ, ನಿಜವಾಗಿ ಬೇಡವಾದವನೊಬ್ಬನನ್ನು ಬಿಟ್ಟು. ಪಾಪ, ಅವನಿಗೆ ಬೇರೆ ಮಾತೇ ಉಳಿದಿರುವುದಿಲ್ಲ. ಕುಲಪತಿ ಆಗಿ ಅಂತ ಬಂದವರಿಗೆ ಲೈ ಮೇಷ್ಟ್ರು ಐದು ಸಲ ಬೇಡ ಅಂದಿದ್ದರು. ಅಷ್ಟು ವಿನಯವನ್ನು ಆ ವಿಶ್ವವಿದ್ಯಾಲಯ ಹಿಂದೆ ಕಂಡಿರಲಿಲ್ಲ. ಅವಿರೋಧವಾಗಿ ಆರಿಸಿಬಿಟ್ಟರು.

ಈಗ ಆ ಅವಧಿ ಮುಗಿಯುತ್ತಿತ್ತು. ಇನ್ನೊಂದು ಅವಧಿ ಕೊಟ್ಟರೆಂದರೆ ಅದು ಮುಗಿಯುವಷ್ಟರಲ್ಲಿ ನಿವೃತ್ತಿ. ಅಂದರೆ ಸಿಡಿಲು ಯಂತ್ರದ ಗುಂಡಿ ಒತ್ತುವ ಭಾಗ್ಯ ಈ ಜನ್ಮದಲ್ಲಿ ಮತ್ತೆ ಇಲ್ಲ. ಮಂಡಳಿಯ ಅಧ್ಯಕ್ಷರಿಗೆ ನೇರವಾಗಿ ಹೇಳಿಬಿಡೋಣವೆಂದರೆ, ಅಧ್ಯಕ್ಷರು ಪೆಂಗ್ ಗುರುಗಳು. ಲೈ ಮೇಷ್ಟ್ರಿಗೆ ಸರ್ಕ್ಯೂಟು ಕಲಿಸಿದವರು, ಒಂದು ಕಾಲಕ್ಕೆ ಇದೇ ವಿಶ್ವವಿದ್ಯಾಲಯಕ್ಕೆ ಮೂರು ಅವಧಿ ಕುಲಪತಿಯಾಗಿದ್ದವರು, ಈಗ ಎಂಬತ್ತು ದಾಟಿದವರು. ಗುರುಗಳ ಎದುರು ನಿಂತು ಆಗೋದಿಲ್ಲ ಅನ್ನಲು ಲೈ ಮೇಷ್ಟ್ರ ನಾಲಿಗೆಯೇ ಏಳುವುದಿಲ್ಲ. ಉಳಿದಿದ್ದು ಒಂದೇ ದಾರಿ. ಮಂಡಳಿಯವರೇ ಛೀ ಅನ್ನುವ ಹಾಗೆ ಮಾಡಿಕೊಳ್ಳಬೇಕು.

ಹೀಗೆಂದು ನಿರ್ಧರಿಸಿ, ವಿದ್ಯುತ್ ಕಂಪನಿಯ ಕಾಲದ, ಬೆಸುಗೆಯ ಕಿಡಿ ಹಾರಿ ತೂತುಬಿದ್ದ ಜಾಕೀಟು ತೊಟ್ಟು, ಬಚ್ಚಲುಮನೆಯ ನೀಲಿ ಚಪ್ಪಲಿ ಮೆಟ್ಟಿ, ಖಾಲಿ ಹೊಟ್ಟೆಯಲ್ಲಿ ಕಚೇರಿಗೆ ಹೊರಟರು.

ಕಾರ್ಯದರ್ಶಿ ಶಾವ್ ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸರ್, ಇವತ್ತು ಮಂಡಳಿ ಸಭೆ."

"ಗೊತ್ತು."

"ಚಪ್ಪಲಿ..."

"ಗೊತ್ತು."

ಅಷ್ಟರಲ್ಲಿ ಆಡಳಿತ ವಿಭಾಗದ ಮುಖ್ಯಸ್ಥ ಕುಂಗ್ ಒಳಗೆ ಬಂದ. ಕುಂಗ್ ಎಂಥವನೆಂದರೆ, ಕುಲಪತಿ ಸೀನಿದರೆ ಮೂಗು ಒರೆಸಿಕೊಳ್ಳುವವನು ಅವನು. ಚಪ್ಪಲಿ ಕಂಡದ್ದೇ ಅವನ ಕಣ್ಣು ತೇವವಾಯಿತು.

"ಏನ್ ಸರಳತೆ ಸರ್! ಏನ್ ಸರಳತೆ! ಕರೆಂಟು ಕಂಬ ಹತ್ತಿದ್ದನ್ನ ಇನ್ನೂ ಮರೆತಿಲ್ಲ ನೀವು. ಒಂದು ಫೋಟೋ, ಒಂದೇ ಒಂದು."

"ಬೇಡ ಕುಂಗ್."

"ನೀವು ಬೇಡ ಅಂತೀರಿ ಅಂತ ಗೊತ್ತಿತ್ತು ಸರ್," ಅಂದು ಕುಂಗ್ ಫೋಟೋ ಹೊಡೆದು ಎಲ್ಲರಿಗೂ ಕಳಿಸಿಯೇ ಬಿಟ್ಟ. ಡೀನ್‌ಗಳ ಸಭೆಗೆ ಹೋಗಿ ನೋಡಿದರೆ ಉದ್ದನೆಯ ಮೇಜಿನ ಕೆಳಗೆ ಒಂದು ಜೊತೆ ಬೂಟೂ ಇಲ್ಲ. ವಾಣಿಜ್ಯದ ಡೀನ್ ಅವಸರದಲ್ಲಿ ಹೆಂಡತಿಯ ಚಪ್ಪಲಿ ಹಾಕಿಕೊಂಡು ಬಂದಿದ್ದರು, ಅದಕ್ಕೊಂದು ಗುಲಾಬಿ ಹೂವು ಬೇರೆ.

ಲೈ ಮೇಷ್ಟ್ರು ಎದೆಗುಂದಲಿಲ್ಲ. ಸಭೆಯ ಮೊದಲ ವಿಷಯ, ಕುಂಗ್ ಎರಡು ವರ್ಷದಿಂದ ಹೊತ್ತು ತಿರುಗುತ್ತಿದ್ದ ಹೊಸ ಮಹಾದ್ವಾರ. ಡ್ರ್ಯಾಗನ್ನು, ಕಮಲ, ಭೂಗೋಳ, ಮೇಲೊಂದು ಬಲ್ಬು, ಎಲ್ಲ ಇದ್ದ ನಕ್ಷೆ ಪರದೆಯ ಮೇಲೆ ಬಂತು. ಇವನೊಬ್ಬ ಸಿಟ್ಟಾದರೆ ಸಾಕು, ಮಧ್ಯಾಹ್ನದೊಳಗೆ ಮಂಡಳಿಯ ಕಿವಿಗೆಲ್ಲ ಊದುತ್ತಾನೆ ಅಂತ ಮೇಷ್ಟ್ರು ಲೆಕ್ಕ ಹಾಕಿದರು.

"ಅಸಹ್ಯವಾಗಿದೆ," ಅಂದರು ಜೋರಾಗಿ. ಅವರ ದನಿ ಅವರಿಗೇ ಹೊಸದಾಗಿ ಕೇಳಿಸಿತು. "ಇದನ್ನ ಬರೆದವನಿಗೆ ಕಣ್ಣಿಲ್ಲ. ಒಪ್ಪಿದವನಿಗೆ ತಲೆ ಇಲ್ಲ."

ಕುಂಗ್ ಎದ್ದು ನಿಂತ. ತುಟಿ ಅದುರುತ್ತಿತ್ತು. ಮೇಷ್ಟ್ರ ಎದೆಯಲ್ಲಿ ಆಸೆ ಚಿಗುರಿತು.

"ಸರ್," ಅಂದ ಕುಂಗ್, ಗದ್ಗದವಾಗಿ, "ಅದು ನನ್ನ ಭಾಮೈದ ಬರೆದಿದ್ದು. ಹೆಂಡತಿಗೆ ಬೇಡ ಅನ್ನಕ್ಕಾಗದೆ ಎರಡು ವರ್ಷದಿಂದ ನಾನು ಊಟ ನಿದ್ದೆ ಬಿಟ್ಟಿದೀನಿ. ಇವತ್ತು ಕುಲಪತಿಗಳೇ ಬೇಡ ಅಂದ್ರು ಅಂತ ಮನೇಲಿ ಹೇಳಬಹುದು. ನನ್ನ ಪ್ರಾಣ ಉಳಿಸಿದ್ರಿ!"

ಡೀನ್‌ಗಳೆಲ್ಲ ಚಪ್ಪಾಳೆ ತಟ್ಟಿದರು. ಆ ದ್ವಾರ ಅವರಿಗೂ ಬೇಡವಾಗಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಅಷ್ಟೆ. "ಗಂಡೆದೆ ಅಂದ್ರೆ ಇದು," ಅಂತ ವಾಣಿಜ್ಯದ ಡೀನ್ ಮೇಜು ಗುದ್ದಿದರು.

ಮಧ್ಯಾಹ್ನವೂ ಲೈ ಮೇಷ್ಟ್ರು ಊಟ ಮಾಡಲಿಲ್ಲ. ಶಾವ್ ಮೇಡಂ ತರಿಸಿದ್ದ ಅಕ್ಕಿ ಶಾವಿಗೆ ಡಬ್ಬಿಯಲ್ಲೇ ಅಂಟಿಕೊಂಡು ಕೂತಿತು. ಕಿಟಕಿಯಿಂದ ಆಚೆ, ಅಂಗಳದ ಕೊನೆಯಲ್ಲಿ ಹೈವೋಲ್ಟೇಜ್ ಲ್ಯಾಬಿನ ತಗಡಿನ ಮಾಡು ಕಾಣುತ್ತಿತ್ತು. ಅದನ್ನೇ ನೋಡುತ್ತ ಕೂತವರಿಗೆ ಅಳು ಬಂದ ಹಾಗಾಯಿತು. ಕಲಿತ ವಿದ್ಯೆ ಅಲ್ಲಿ, ಕೂತ ಕುರ್ಚಿ ಇಲ್ಲಿ.

ಆಗಲೇ ಓಡಿ ಬಂದ ಯೆನ್. ಇವನು ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥ, ಮೇಷ್ಟ್ರ ಹಳೇ ಶಿಷ್ಯ, ಬೆವರು ಅವನ ಹುಟ್ಟುಗುಣ.

"ಮೇಷ್ಟ್ರೇ, ಮುಳುಗಿದ್ವಿ! ಇವತ್ತು ಮಕ್ಕಳು ಕೋರ್ಸು ಆರಿಸ್ಕೊಳ್ಳೋ ದಿನ. ಬೆಳಿಗ್ಗೆಯಿಂದ ಸರ್ವರ್ ಏಳುತ್ತೆ, ಬೀಳುತ್ತೆ, ಏಳುತ್ತೆ, ಬೀಳುತ್ತೆ. ಕೆಳಗೆ ಸಾವಿರ ಜನ ಬೈತಾ ನಿಂತಿದಾರೆ. ಮಂಡಳಿಯೋರ ಕಾರು ಬೇರೆ ಗೇಟಿನ ಒಳಗೆ ಬಂತು!"

"ಏನೇನು ನೋಡಿದೆ?"

"ಎಲ್ಲಾ ನೋಡಿದೆ. ಜಾಣಮರೀನೂ ಇಟ್ಟಿದೀನಿ."

ಜಾಣಮರಿ ಅಂದರೆ ಜೋಳದ ಹಿಟ್ಟಿನ ಕುರುಕಲು, ತೆಂಗಿನಕಾಯಿ ರುಚಿಯದು, ಹಸಿರು ಪೊಟ್ಟಣದಲ್ಲಿ ಬರುತ್ತದೆ. ಮಕ್ಕಳು ಜಾಣರಾಗಿರಲಿ ಅಂತ ಯಾರೋ ಹಾಕಿದ ಹೆಸರು. ಮಕ್ಕಳು ಕೇಳಿದರೋ ಇಲ್ಲವೋ, ಯಂತ್ರಗಳು ಕೇಳುತ್ತವೆ ಅಂತ ಈ ದ್ವೀಪದ ಇಂಜಿನಿಯರುಗಳಿಗೆಲ್ಲ ನಂಬಿಕೆ. ಆಸ್ಪತ್ರೆಯ ಯಂತ್ರದ ಮೇಲೆ, ಬ್ಯಾಂಕಿನ ಯಂತ್ರದ ಮೇಲೆ, ರೈಲಿನ ಟಿಕೀಟು ಯಂತ್ರದ ಮೇಲೆ, ಎಲ್ಲಿ ನೋಡಿದರೂ ಒಂದು ಪೊಟ್ಟಣ. ನಂಬುವುದಿಲ್ಲ ಅನ್ನುವವರೂ ಇಡುತ್ತಾರೆ, ಇಟ್ಟರೆ ಗಂಟೇನು ಹೋಯಿತು ಅಂತ. ಕಟ್ಟಳೆ ಮಾತ್ರ ಕಟ್ಟುನಿಟ್ಟು. ಹಸಿರೇ ಆಗಬೇಕು, ಹಳದಿ ಕೆಂಪು ಕೂಡದು. ತೇದಿ ಮೀರಿರಬಾರದು, ಮೀರಿದರೆ ಯಂತ್ರ ಮುನಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರದ ಮೇಲಿಟ್ಟದ್ದನ್ನು ಯಾರೂ ತಿನ್ನಕೂಡದು. ತಿಂದವನು ಗುಡಿಯ ನೈವೇದ್ಯ ಕದ್ದವನಿಗಿಂತ ಕಡೆ.

ಲೈ ಮೇಷ್ಟ್ರು ತಟ್ಟನೆ ಎದ್ದು ನಿಂತರು. "ಮಂಡಳಿಯೋರನ್ನ ಸೀದಾ ಸರ್ವರ್ ಕೋಣೆಗೇ ಕರ್ಕೊಂಡು ಬಾ," ಅಂದರು.

"ಅಲ್ಲಿಗಾ? ಅವರ ಮುಂದೆ ಮಾನ ಹೋಗುತ್ತಲ್ಲ ಮೇಷ್ಟ್ರೇ!"

"ಅದಕ್ಕೇ."

ಸರ್ವರ್ ಕೋಣೆ ಕಿಷ್ಕಿಂಧೆ. ಅದರೊಳಗೆ ಮಂಡಳಿಯ ಹಿರಿಯರು, ಡೀನ್‌ಗಳು, ಕುಂಗ್, ಯೆನ್, ಶಾವ್ ಮೇಡಂ ಎಲ್ಲ ನುಗ್ಗಿದರು. ನಡುವೆ ಕೋಲೂರಿಕೊಂಡು ಪೆಂಗ್ ಗುರುಗಳು ನಿಂತರು. ಯೆನ್ ಮುಖ್ಯ ಪೆಟ್ಟಿಗೆಯನ್ನು ತೋರಿಸಿದ. ಇಡೀ ವಿಶ್ವವಿದ್ಯಾಲಯದ ಕಂಪ್ಯೂಟರುಗಳ ಮಾತುಕತೆ ಅದರ ಮೂಲಕವೇ ಹೋಗಬೇಕು. ಅದರ ಎದೆಯ ಮೇಲೆ ದೊಡ್ಡದೊಂದು ಹಸಿರು ಪೊಟ್ಟಣ, ನಾಲ್ಕೂ ಮೂಲೆಗೆ ಟೇಪು.

"ನಿನ್ನೆವರೆಗೂ ಬೀರು ಮೇಲಿತ್ತು," ಅಂದ ಯೆನ್. "ಇವತ್ತು ಕೆಲಸ ಜಾಸ್ತಿ ಅಂತ ಬೆಳಿಗ್ಗೆ ಬಂದೋನೇ ಕೆಳಗಿಳಿಸಿ ಪೆಟ್ಟಿಗೆಗೇ ಅಂಟಿಸಿದೆ. ಆದ್ರೂ ಹಿಂಗಾಗ್ತಿದೆ."

"ಜಾಣಮರಿಗೂ ಬಗ್ತಿಲ್ಲ ಅಂದ್ರೆ ದೊಡ್ಡ ದೋಷಾನೇ ಇರಬೇಕು," ಅಂತ ಹಿರಿಯರೊಬ್ಬರು ತಲೆಯಾಡಿಸಿದರು.

ಲೈ ಮೇಷ್ಟ್ರು ಮುಂದೆ ಬಂದರು. ಕೈ ಚಾಚಿದರು. ಟೇಪು ಚರ್ರೆಂದು ಕಿತ್ತುಬಂತು.

"ಮೇಷ್ಟ್ರೇ, ಏನ್ ಮಾಡ್ತಿದೀರಿ?" ಅಂದ ಯೆನ್.

"ಹಸಿವಾಗಿದೆ," ಅಂದರು ಲೈ ಮೇಷ್ಟ್ರು. ಅದು ಸುಳ್ಳೇನೂ ಆಗಿರಲಿಲ್ಲ. ಪೊಟ್ಟಣ ಹರಿದರು, ಬೊಗಸೆ ತುಂಬ ಸುರಿದುಕೊಂಡರು, ಎಲ್ಲರ ಕಣ್ಣೆದುರು ಬಾಯಿಗೆ ಹಾಕಿಕೊಂಡರು.

ಶಾವ್ ಮೇಡಂ "ಅಯ್ಯೋ ಅಮ್ಮಾ" ಅಂದು ಕಣ್ಣು ಮುಚ್ಚಿದರು. ಯೆನ್ ಗೋಡೆಗೊರಗಿ ಕೂತೇ ಬಿಟ್ಟ. ಕುಂಗ್‌ಗೂ ಏನು ಹೊಗಳುವುದೆಂದು ಆ ಕ್ಷಣಕ್ಕೆ ತೋಚಲಿಲ್ಲ. ಹಿರಿಯರ ಮುಖಗಳು ಹುಳಿ ಹಿಂಡಿದ ಹಾಲಿನ ಹಾಗೆ ಒಡೆದವು. ಲೈ ಮೇಷ್ಟ್ರಿಗೆ ಪರಮಾನಂದವಾಯಿತು. ಕುರುಕಲು ಮೆತ್ತಗಾಗಿ ಕಮಟು ಹೊಡೆಯುತ್ತಿದ್ದರೂ ಇನ್ನೊಂದು ಬೊಗಸೆ ಹಾಕಿಕೊಂಡರು. ಪಾಪಿ ಅಂದುಬಿಡಿ, ಛೀ ಅಂದುಬಿಡಿ, ಸಾಯಂಕಾಲದೊಳಗೆ ಲ್ಯಾಬಿನ ಬೀಗದ ಕೈ ನನ್ನ ಜೇಬಿಗೆ ಬರಲಿ ಅಂತ ಅಗಿಯುತ್ತ ಹಾರೈಸಿದರು.

ಬಾಯಿ ತುಂಬ ಇದ್ದಾಗಲೇ ಅವರಿಗೆ ಆ ಸದ್ದು ಕೇಳಿಸಿದ್ದು. ಉಸಿರು ಕಟ್ಟಿದವನಿಗೆ ಉಸಿರು ಬಂದ ಹಾಗೆ, ಪೆಟ್ಟಿಗೆಯೊಳಗಿನ ಫ್ಯಾನು ಭರ್ರೆಂದು ತಿರುಗಿತು. ಅಗಿಯುವುದನ್ನು ನಿಲ್ಲಿಸಿ ಕೈಯೊಡ್ಡಿ ನೋಡಿದರು. ಪೊಟ್ಟಣ ಅಂಟಿಸಿದ್ದ ಜಾಗದ ಜಾಲರಿಯಿಂದ ಬಿಸಿಗಾಳಿ ಹೊರಗೆ ನುಗ್ಗುತ್ತಿತ್ತು. ಕರೆಂಟಿನ ಮನುಷ್ಯನಿಗೆ ಅಷ್ಟು ಸಾಕು. ಯೆನ್ ಭಕ್ತಿಯಿಂದ ಅಂಟಿಸಿದ್ದು ಸರಿಯಾಗಿ ಗಾಳಿಕಿಂಡಿಯ ಮೇಲೆ. ಬೆಳಗಿನಿಂದ ಪೆಟ್ಟಿಗೆ ಒಳಗೊಳಗೇ ಬೆಂದು, ಕಾದಾಗ ಮಲಗಿ, ಆರಿದಾಗ ಏಳುತ್ತಿತ್ತು. ಈಗ ಕಿಂಡಿ ತೆರೆದಿದೆ. ತೆರೆದದ್ದು ಬೇರೆ ಯಾರೂ ಅಲ್ಲ, ತಾನೇ.

ಲೈ ಮೇಷ್ಟ್ರು ಖಾಲಿ ಪೊಟ್ಟಣವನ್ನು ಗಡಿಬಿಡಿಯಲ್ಲಿ ಮತ್ತೆ ಆ ಜಾಲರಿಗೇ ಒತ್ತಿ ಹಿಡಿದರು. ಟೇಪಿನಲ್ಲಿ ಅಂಟು ಉಳಿದಿರಲಿಲ್ಲ. ಪೊಟ್ಟಣ ಗಾಳಿಗೆ ಹಾರಿ ಕುಂಗ್‌ನ ಎದೆಗೆ ಬಡಿಯಿತು.

ಅಷ್ಟರಲ್ಲಿ ಕೆಳಗಿನಿಂದ ಸಾವಿರ ಗಂಟಲಿನ ಹೋ ಎಂಬ ಕೂಗು ಎದ್ದಿತು. ಯೆನ್ ಪರದೆಯ ಕಡೆ ತೆವಳಿಕೊಂಡು ಹೋಗಿ ನೋಡಿದ. "ಎದ್ದಿತು! ಸರ್ವರ್ ಎದ್ದಿತು! ಎಲ್ಲಾ ಹಸಿರು ದೀಪ!"

ಕುಂಗ್ ಮಾತ್ರ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಆಮೇಲೆ ಅವನ ಬಾಯಿಂದ ಒಂದು ಚೀತ್ಕಾರ ಹೊರಟಿತು.

"ತೇದಿ ಮುಗಿದಿದೆ! ಇದರ ತೇದಿ ಮೊನ್ನೆಗೇ ಮುಗಿದುಹೋಗಿದೆ!"

ಕೋಣೆಯಲ್ಲಿ ಗುಜುಗುಜು ಎದ್ದಿತು. ಯೆನ್ ತಲೆ ಚಚ್ಚಿಕೊಂಡ. "ಬದಲಾಯಿಸಬೇಕಿತ್ತು, ಮರೆತುಬಿಟ್ಟೆ! ನನ್ನ ತಪ್ಪು!"

"ಕುಲಪತಿಗಳು ಬಾಗಿಲಲ್ಲೇ ನೋಡಿ ತಿಳ್ಕೊಂಡುಬಿಟ್ರು," ಅಂದ ಕುಂಗ್, ಅವನ ದನಿ ಈಗ ಪೂರ್ತಿ ಮರಳಿತ್ತು. "ತೇದಿ ಮೀರಿದ ಜಾಣಮರಿ ಅಂದ್ರೆ ಅನಿಷ್ಟ. ತೆಗೆದು ಕಸಕ್ಕೆ ಹಾಕಿದ್ರೆ ಯಂತ್ರಕ್ಕೆ ಅವಮಾನ, ಹಾಗೇ ಬಿಟ್ರೆ ನಮಗೆ ಕೇಡು. ಆ ಅನಿಷ್ಟವನ್ನ ತಮ್ಮ ಹೊಟ್ಟೆಗೇ ಹಾಕ್ಕೊಂಡ್ರು ಮಹಾನುಭಾವ್ರು! ಬೆಳಿಗ್ಗೆಯಿಂದ ಉಪವಾಸ ಬೇರೆ ಇದ್ರಂತೆ. ಹೌದಲ್ವಾ ಶಾವ್ ಮೇಡಂ?"

"ಹೌದು ಹೌದು," ಅಂದರು ಶಾವ್ ಮೇಡಂ ಕಣ್ಣೊರೆಸಿಕೊಳ್ಳುತ್ತ. "ಶಾವಿಗೆ ಮುಟ್ಟಲೇ ಇಲ್ಲ. ಈಗ ಅರ್ಥವಾಯ್ತು."

"ಅಲ್ಲಾರೀ!" ಲೈ ಮೇಷ್ಟ್ರು ಕೂಗಿದರು. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೆ. ಪೊಟ್ಟಣ ಗಾಳಿಕಿಂಡಿ ಮುಚ್ಚಿತ್ತು. ಪೆಟ್ಟಿಗೆ ಕಾದಿತ್ತು. ತೆಗೆದ ಮೇಲೆ ತಣ್ಣಗಾಯ್ತು. ನಾನು ತಿಂದಿದ್ದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ನನಗೆ ತೇದಿ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳ್ತೀನಿ, ನಾನೇನೂ ಮಾಡಿಲ್ಲ!"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡಿದ್ರಾ?" ಅಂದರು ಅವರಲ್ಲೊಬ್ಬರು, ಮೆಲ್ಲಗೆ. "ಈಗಲೂ 'ನಾನು ಮಾಡಿದೆ' ಅನ್ನಲ್ಲ. ಶಿಷ್ಯನ ತಪ್ಪನ್ನ ಗಾಳಿಕಿಂಡಿ ಮೇಲೆ ಹಾಕ್ತಿದಾರೆ."

ಮತ ಹಾಕಲು ಮೇಲಿನ ಸಭಾಂಗಣಕ್ಕೂ ಹೋಗಲಿಲ್ಲ. ಅಲ್ಲೇ, ಸರ್ವರ್ ಕೋಣೆಯಲ್ಲೇ, ಕೈ ಎತ್ತಿದರು. ಒಂದು ಕೈಯೂ ಕೆಳಗಿರಲಿಲ್ಲ. ಗುರುಗಳ ಕೋಲು ಕೂಡ ಮೇಲೆದ್ದಿತು. ಲೈ ಮೇಷ್ಟ್ರು ಬೇಡ ಬೇಡ ಅಂದರು. ಅವರು ಅನ್ನುವುದನ್ನು ವಾಣಿಜ್ಯದ ಡೀನ್ ಬೆರಳು ಮಡಿಸಿ ಎಣಿಸಿದರು, ಹಿಂದಿನ ಸಲಕ್ಕಿಂತ ಜಾಸ್ತಿಯಾಯಿತು ಅಂತ ಎಲ್ಲರಿಗೂ ಹೆಮ್ಮೆಯಾಯಿತು.

"ಇನ್ನೊಂದು ಸಂತೋಷದ ಸುದ್ದಿ," ಅಂದ ಕುಂಗ್. "ಮಹಾದ್ವಾರಕ್ಕೆ ತೆಗೆದಿಟ್ಟಿದ್ದ ದುಡ್ಡು ಉಳೀತಲ್ಲ, ಅದರಲ್ಲಿ ಹೈವೋಲ್ಟೇಜ್ ಲ್ಯಾಬಿಗೆ ಕುಲಪತಿಗಳ ಹೆಸರಿಟ್ಟು ವಸ್ತುಸಂಗ್ರಹಾಲಯ ಮಾಡೋಣ. ಅವರು ಕೈಯಾರೆ ಕಟ್ಟಿದ ಸಿಡಿಲು ಯಂತ್ರಕ್ಕೆ ಸುತ್ತ ಗಾಜು ಹಾಕ್ಸೋಣ. ಮೇಲೊಂದು ಹೊಸ ಜಾಣಮರಿ. ಇನ್ನು ಅದನ್ನ ಯಾರೂ ಮುಟ್ಟೋ ಹಾಗಿಲ್ಲ!"

"ನಾನೂ?" ಅಂದರು ಲೈ ಮೇಷ್ಟ್ರು. ಚಪ್ಪಾಳೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಸಾಯಂಕಾಲ ಗುರುಗಳನ್ನು ಕಾರಿನ ತನಕ ಕಳಿಸಿಕೊಡುವುದು ಶಿಷ್ಯನ ಕರ್ತವ್ಯ. ಗಾಳಿ ಜೋರಾಗಿ ಬೀಸುತ್ತಿತ್ತು. ಲೈ ಮೇಷ್ಟ್ರು ಒಂದು ಕೈಯಲ್ಲಿ ಗುರುಗಳ ತೋಳು, ಇನ್ನೊಂದರಲ್ಲಿ ತಮ್ಮ ಹೊಟ್ಟೆ ಹಿಡಿದುಕೊಂಡು ನಡೆದರು. ಮುದುಕರು ಲ್ಯಾಬಿನ ಮಾಡಿನ ಹತ್ತಿರ ನಿಂತರು, ಆಚೀಚೆ ನೋಡಿದರು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ಮಾವ್-ಸುಂಗ್, ನೀನು ಬೇಕು ಅಂತಾನೇ ತಿಂದೆ, ಅಲ್ವೇನೋ?"

ಲೈ ಮೇಷ್ಟ್ರು ತಲೆ ತಗ್ಗಿಸಿದರು. ಇಷ್ಟು ವರ್ಷ ಹೇಳಲಾಗದ್ದು ಈಗ ತಾನಾಗಿ ಬಾಯಿಗೆ ಬಂತು. "ಹೌದು ಗುರುಗಳೇ. ನನಗೆ ಇದು ಬೇಡವಾಗಿತ್ತು. ನಿಜವಾಗ್ಲೂ ಬೇಡವಾಗಿತ್ತು."

"ಗೊತ್ತು ಕಣೋ," ಅಂದರು ಪೆಂಗ್ ಗುರುಗಳು. "ನೀನು ಅಗೀತಿದ್ದಾಗ ನಿನ್ನ ಮುಖ ನೋಡಿದೆ. ಎರಡನೇ ಅವಧಿ ಮುಗಿಯೋ ಹೊತ್ತಿಗೆ ನಾನೂ ಒಂದು ತಿಂದಿದ್ದೆ."

"ನೀವೂ?"

"ಹೂಂ. ನಂದು ತಾಜಾ ಪೊಟ್ಟಣ, ತೇದಿ ಮೀರಿರಲಿಲ್ಲ. ಸಿಕ್ಕಿಬಿದ್ದೆ, ಇನ್ನು ಮನೆಗೆ ಕಳಿಸ್ತಾರೆ ಅಂತ ಖುಷಿಯಾಗಿ ಮಲಗಿದೆ. ಮಾರನೇ ದಿನ ನಮ್ಮೂರಿಗೆ ಬಡೀಬೇಕಾಗಿದ್ದ ಚಂಡಮಾರುತ ಜಪಾನ್ ಕಡೆಗೆ ತಿರುಗಿಬಿಡ್ತು. ಮೂರನೇ ಅವಧಿ ಕೊಟ್ರು. ಅದು ಮುಗಿಯೋವಾಗ ಇನ್ನೊಂದು ತಿಂದೆ. ಮಂಡಳಿ ಅಧ್ಯಕ್ಷನನ್ನ ಮಾಡಿದ್ರು. ಇವತ್ತಿನವರೆಗೂ ಇದೀನಿ."

ಲೈ ಮೇಷ್ಟ್ರು ಗುರುಗಳ ಮುಖವನ್ನೇ ನೋಡಿದರು. ಅದೊಂದು ದಿನ ತನ್ನ ಮುಖವೂ ಆಗಲಿದೆ ಅಂತ ಹೊಳೆಯಿತು.

"ಹಾಗಾದ್ರೆ ಇದರಿಂದ ಬಿಡಿಸಿಕೊಳ್ಳೋದು ಹ್ಯಾಗೆ ಗುರುಗಳೇ?"

ಪೆಂಗ್ ಗುರುಗಳು ಕಾರಿನೊಳಗೆ ಕೂತು, ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಗಾಜು ಏರಿಸುವ ಮುಂಚೆ ತಲೆ ಹೊರಗೆ ಹಾಕಿದರು.

"ಗೊತ್ತಾದ್ರೆ ನನಗೂ ಹೇಳು," ಅಂದರು.